ಅಡುಗೆಮನೆಯ ಕಿವಿ

"ನನ್ನ ಹೆಂಡತಿಗೆ ಸಂಗೀತದ ಗಂಧಗಾಳಿ ಇಲ್ಲ" ಎಂದು ಮೇಷ್ಟ್ರು ಹೇಳುವಾಗ ಅವರ ದನಿಯಲ್ಲಿ ದೂರು ಇರುತ್ತಿರಲಿಲ್ಲ, ಹೆಮ್ಮೆ ಇರುತ್ತಿತ್ತು. ಮನೆಗೆ ಒಬ್ಬರಿಗೆ ಕಿವಿ ಇದ್ದರೆ ಸಾಕು, ಇಬ್ಬರಿಗೂ ಇದ್ದರೆ ಸಂಸಾರ ನಡೆಯುವುದಿಲ್ಲ ಎಂಬುದು ಅವರ ಸಿದ್ಧಾಂತ. ಒಳಗಿನಿಂದ ಅವರ ಹೆಂಡತಿ, "ಹೂಂ ರೀ, ನಂಗೇನು ಗೊತ್ತಾಗುತ್ತೆ" ಎನ್ನುತ್ತಿದ್ದರು. ಆ ಮಾತನ್ನು ಅವರು ಎಷ್ಟು ಸಲೀಸಾಗಿ ಹೇಳುತ್ತಿದ್ದರೆಂದರೆ, ಅದರ ಹಿಂದೆ ಎಂಟು ವರ್ಷದ ಅಭ್ಯಾಸ ಇದೆ ಎಂದು ನನಗೆ ಹೊಳೆಯಲು ಬಹಳ ದಿನ ಬೇಕಾಯಿತು.

ನಾನು ಅವರನ್ನು ಅಕ್ಕ ಎಂದು ಕರೆಯುತ್ತಿದ್ದೆ. ಈ ಬರಹ ಅಕ್ಕನ ಬಗ್ಗೆ. ಆದರೆ ಮೇಷ್ಟ್ರು ಬದುಕಿದ್ದಾಗ ಎಲ್ಲ ಮಾತಿಗೂ ಮೊದಲು ಅವರೇ ಬರುತ್ತಿದ್ದರು. ಈಗಲೂ ಹಾಗೇ ಆಗುತ್ತಿದೆ.

ಮೇಷ್ಟ್ರು ಶಾಲೆಯ ಮೇಷ್ಟ್ರಲ್ಲ. ಅವರದು ಧ್ವನಿಮುದ್ರಣದ ಸ್ಟುಡಿಯೋ. ತಮ್ಮ ಮನೆಯ ಮುಂದಿನ ಎರಡು ಕೋಣೆಗಳ ಗೋಡೆಗೆ ಹಳೇ ಹಾಸಿಗೆಗಳನ್ನು ಹೊಡೆದು, ನಡುವೆ ದಪ್ಪ ಗಾಜು ಕೂರಿಸಿ, ಒಂದರಲ್ಲಿ ಹಾಡುವವರನ್ನೂ ಇನ್ನೊಂದರಲ್ಲಿ ತಮ್ಮನ್ನೂ ಪ್ರತಿಷ್ಠಾಪಿಸಿಕೊಂಡಿದ್ದರು. ಸೋಪಿನ ಜಾಹೀರಾತು, ರೇಡಿಯೋ ನಾಟಕ, ಶಾಲೆಯ ಮಕ್ಕಳ ಹಾಡು, ತಮಗೆ ತಾವೇ ಗಾಯಕರೆಂದು ತೀರ್ಮಾನಿಸಿಕೊಂಡ ನಿವೃತ್ತ ಅಧಿಕಾರಿಗಳ ಗೀತೆಗಳು, ಎಲ್ಲವೂ ಅಲ್ಲಿ ಮುದ್ರಣವಾಗುತ್ತಿದ್ದವು. ವಾದ್ಯದವರ ವಲಯದಲ್ಲಿ ಮೇಷ್ಟ್ರಿಗೆ 'ಚಿನ್ನದ ಕಿವಿ' ಎಂಬ ಹೆಸರಿತ್ತು. ಅವರೂ ಅದನ್ನು ಚಿನ್ನದಂತೆಯೇ ಕಾಪಾಡುತ್ತಿದ್ದರು. ಬಸ್ಸು ಹತ್ತಬೇಕಾದರೆ ಎರಡೂ ಕಿವಿಗೆ ಹತ್ತಿ. ಚಳಿಗಾಲಕ್ಕೆ ಉಣ್ಣೆಯ ಪಟ್ಟಿ. ಊಟವಾದ ಮೇಲೆ ಒಂದು ಗಂಟೆ ಮತ್ತೆ ಹತ್ತಿ ಇಟ್ಟುಕೊಂಡು ಮಲಗುವುದು, ಅದಕ್ಕೆ 'ಕರ್ಣವಿಶ್ರಾಂತಿ' ಎಂದು ಹೆಸರು. ಗೊರಕೆಯ ಸದ್ದು ಮಾತ್ರ ಆ ಹತ್ತಿಯನ್ನು ದಾಟಿ ಹೊರಗೆ ಬರುತ್ತಿತ್ತು.

ನಾನು ಅವರಲ್ಲಿಗೆ ಹೋದಾಗ ನನಗೆ ಮೂವತ್ತನಾಲ್ಕು. ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದೆ. ಒಂದು ಕೀಬೋರ್ಡು ಕೊಂಡಿದ್ದೆ. ಮೂರು ರಾಗ ಹಾಕಿದ್ದೆ, ಮೂರೂ ಒಂದೇ ಥರ ಇದ್ದವು. ಜಗತ್ತು ನನ್ನ ಸಂಗೀತಕ್ಕಾಗಿ ಕಾದು ಕುಳಿತಿದೆ, ಧ್ವನಿಮುದ್ರಣ ಕಲಿಯುವುದೊಂದೇ ಬಾಕಿ ಎಂದು ನಂಬಿದ್ದೆ. ಮೊದಲ ದಿನ ಮೇಷ್ಟ್ರು ಏನನ್ನೋ ಕೇಳಿಸಿ, "ಏನು ಕೇಳಿಸ್ತು?" ಎಂದರು.

"ಹಾಡು" ಎಂದೆ.

"ಕಿವಿ ಇದೆ ನಿನಗೆ. ಮುಖದ ಎರಡೂ ಕಡೆ ಒಂದೊಂದಿದೆ. ಅದಕ್ಕಿಂತ ಹೆಚ್ಚಿಗೆ ಹೇಳೋ ಹಾಗಿಲ್ಲ. ನಾಳೆಯಿಂದ ಬಾ, ತಂತಿ ಸುತ್ತು" ಎಂದರು.

ಆ ಸ್ಟುಡಿಯೋದಲ್ಲಿ ಒಂದು ಪದ್ಧತಿ ಇತ್ತು. ಯಾವ ಹಾಡನ್ನೇ ಆಗಲಿ ಹದಗೊಳಿಸಿ ಮುಗಿಸಿದ ಮೇಲೆ, ಗೋಡೆಯ ತೂತಿನ ಮೂಲಕ ಹಾದುಹೋಗುವ ತಂತಿಯಲ್ಲಿ ಅದನ್ನು ಅಡುಗೆಮನೆಗೆ ಕಳಿಸುತ್ತಿದ್ದರು. ಅಲ್ಲಿ ಕಪಾಟಿನ ಮೇಲೆ ಅಂಗೈಯಗಲದ ಒಂದು ಅಗ್ಗದ ಸ್ಪೀಕರು. "ದೊಡ್ಡ ಪೆಟ್ಟಿಗೆಯಲ್ಲಿ ಯಾವ ಕತ್ತೆಯ ಹಾಡೂ ಚೆನ್ನಾಗಿ ಕೇಳುತ್ತೆ. ಜನ ಹಾಡು ಕೇಳೋದು ತರಕಾರಿ ಹೆಚ್ಚುತ್ತಾ. ಅಲ್ಲಿ ಪಾಸಾದರೆ ಪಾಸು" ಎಂದು ಮೇಷ್ಟ್ರು ವಿವರಿಸುತ್ತಿದ್ದರು. ಆ ಪರೀಕ್ಷೆಗೆ ಅಕ್ಕ ಜನಸಾಮಾನ್ಯರ ಪ್ರತಿನಿಧಿ. ಏನೂ ಗೊತ್ತಿಲ್ಲದಿರುವುದೇ ಅವರ ಅರ್ಹತೆ.

"ಏನೇ, ಹೇಗಿದೆ?"

"ಚೆನ್ನಾಗಿದೆ ರೀ. ಯಾಕೋ ತಲೆ ಸಿಡಿತಾ ಇದೆ."

"ನಿನ್ನ ತಲೆಗೆ ಹಾಡು ಮಾಡೋಕಾಗುತ್ತಾ?" ಎಂದು ಗೊಣಗಿಕೊಂಡೇ ಮೇಷ್ಟ್ರು ಸ್ಟುಡಿಯೋಗೆ ಬಂದು, ದನಿ ಹದಗೊಳಿಸುವ ಮಿಕ್ಸರಿನ ಮೇಲೆ ಚೂಪು ದನಿಗಳ ಗುಂಡಿಯನ್ನು ಒಂದಿಷ್ಟು ಇಳಿಸುತ್ತಿದ್ದರು. "ಹೋಗ್ಲಿ ಪಾಪ, ಅವಳ ಸಮಾಧಾನಕ್ಕೆ."

"ಈಗ?"

"ಈಗ ಪರವಾಗಿಲ್ಲ. ಅಂದ್ರೂ ಹಲ್ಲು ಜುಮ್ ಅನ್ನುತ್ತೆ."

ಮತ್ತಿಷ್ಟು ಇಳಿಯುತ್ತಿತ್ತು. ಹೀಗೆ ತಲೆನೋವು, ಹಲ್ಲುನೋವು, ಹೊಟ್ಟೆಯುಬ್ಬರ ಎಲ್ಲ ವಾಸಿಯಾಗುವ ಹೊತ್ತಿಗೆ ಹಾಡು ಹೂವಿನಂತಾಗಿರುತ್ತಿತ್ತು. ನಾನಂತೂ ಅಕ್ಕನ ಆರೋಗ್ಯದ ಬಗ್ಗೆ ಮರುಕಪಡುತ್ತಾ ತಂತಿ ಸುತ್ತುತ್ತಿದ್ದೆ.

ವರ್ಷ ಕಳೆದಿತ್ತು. ಒಂದು ಮಧ್ಯಾಹ್ನ ಮೇಷ್ಟ್ರು ಕರ್ಣವಿಶ್ರಾಂತಿಯಲ್ಲಿದ್ದರು. ಪರೀಕ್ಷೆಗೆ ಕಳಿಸಿದ ಹಾಡು ಅಡುಗೆಮನೆಯಲ್ಲಿ ಸಣ್ಣಗೆ ಓಡುತ್ತಿತ್ತು. ನಾನು ನೀರು ಕುಡಿಯಲು ಹೋದವನು ಸುಮ್ಮನಿರಲಾರದೆ, "ಅಕ್ಕ, ಹಾಡೋರ ಉಸಿರು ಹೊರಗೆ ಬಂದಾಗಲೆಲ್ಲ ಏನೋ ಸೂಜಿ ಚುಚ್ಚಿದ ಹಾಗಾಗುತ್ತೆ ಅಲ್ವಾ?" ಎಂದೆ.

ತರಕಾರಿ ಹೆಚ್ಚುತ್ತಿದ್ದ ಅಕ್ಕನ ಚಾಕು ನಿಂತಿತು. "ಇನ್ನೊಂದ್ಸಲ ಕೇಳಿ ಹೇಳು."

ಕೇಳಿ ಹೇಳಿದೆ. ಅವರು ಕೈ ಒರೆಸಿಕೊಂಡು ಬಾಗಿಲು ಮುಂದೆ ಮಾಡಿ ಬಂದು ಎದುರಿಗೆ ಕುಳಿತರು.

"ಅವರಿಗೆ ಅದು ಕೇಳಿಸಲ್ಲ" ಎಂದರು.

"ಯಾವುದು?"

"ಚೂಪು ದನಿ, ಮೇಲಿನದು ಯಾವುದೂ. ಎಂಟು ವರ್ಷ ಆಯ್ತು. ಒಂದಿನ ಇಲ್ಲೇ ಊಟಕ್ಕೆ ಕೂತಿದ್ರು, ಕೈಗಡಿಯಾರ ಗಂಟೆಗೊಂದ್ಸಲ ಕೀ ಕೀ ಅನ್ನುತ್ತಲ್ಲ, ಅದು ಅವರ ಕೈಯಲ್ಲೇ ಕೂಗ್ತಾ ಇತ್ತು. ಈ ವಾಚು ಕೂಗೋದು ನಿಂತು ಎಷ್ಟು ದಿನ ಆಯ್ತೋ, ರಿಪೇರಿಗೆ ಕೊಡ್ಬೇಕು ಅಂದ್ರು. ನಾನು ಸುಮ್ಮನೆ ಬಡಿಸಿದೆ."

ಕೇಳಿಸದ್ದನ್ನು ಕೇಳಿಸಿಕೊಳ್ಳಲು ಮೇಷ್ಟ್ರು ಆ ಚೂಪು ದನಿಗಳ ಗುಂಡಿಯನ್ನು ಏರಿಸುತ್ತಲೇ ಹೋಗುತ್ತಿದ್ದರು. ತಮಗೆ ಸರಿಯೆನಿಸುವ ಹೊತ್ತಿಗೆ ಉಳಿದವರ ಕಿವಿ ಹರಿಯಬೇಕು. ಅದನ್ನು ದಿನವೂ ತಲೆನೋವಿನ ನೆಪದಲ್ಲಿ ಕೆಳಗಿಳಿಸುತ್ತಾ ಬಂದವರು ಸಂಗೀತದ ಗಂಧಗಾಳಿ ಇಲ್ಲದ ಈ ಹೆಂಗಸು.

"ನಿಮಗೆ ಹೇಗೆ ಗೊತ್ತಾಗುತ್ತೆ?" ಎಂದು ಕೇಳಿದೆ. ಈಗ ನೆನೆದರೆ ನಾಚಿಕೆಯಾಗುವ ಪ್ರಶ್ನೆ.

ಅಕ್ಕ ನಕ್ಕರು. ಮದುವೆಗೆ ಮುಂಚೆ ಮತ್ತು ಆಮೇಲೆ, ಒಟ್ಟು ಹನ್ನೊಂದು ವರ್ಷ ಅವರು ಪಿಂಗಾಣಿ ಕಾರ್ಖಾನೆಯಲ್ಲಿ ಕೆಲಸ ಮಾಡಿದ್ದರು. ಭಟ್ಟಿಯಲ್ಲಿ ಸುಟ್ಟು ಬಂದ ಟೀ ಕಪ್ಪುಗಳನ್ನು ಒಂದೊಂದಾಗಿ ಎತ್ತಿ ಮರದ ಕಡ್ಡಿಯಿಂದ ತಟ್ಟಿ ಸದ್ದು ಕೇಳುವುದು. ಗಟ್ಟಿಯಾದದ್ದು ಈ ಬುಟ್ಟಿಗೆ, ಕಣ್ಣಿಗೆ ಕಾಣದ ಬಿರುಕು ಇದ್ದದ್ದು ಆ ಬುಟ್ಟಿಗೆ. ದಿನಕ್ಕೆ ಎರಡು ಸಾವಿರ ಕಪ್ಪು. "ಒಳ್ಳೇ ಕಪ್ಪು ತನ್ನ ಮಾತು ಪೂರ್ತಿ ಹೇಳಿ ಸುಮ್ಮನಾಗುತ್ತೆ. ಬಿರುಕು ಬಿಟ್ಟಿದ್ದು ಅರ್ಧಕ್ಕೇ ನುಂಗುತ್ತೆ. ಅಷ್ಟೇ ನಂಗೆ ಗೊತ್ತಿರೋದು" ಎಂದರು. ಮೇಷ್ಟ್ರಿಗೆ ಹೆಂಡತಿ ಕಪ್ಪಿನ ಕಾರ್ಖಾನೆಯಲ್ಲಿದ್ದಳೆಂದು ಗೊತ್ತಿತ್ತು. ಅಲ್ಲಿ ಏನು ಮಾಡುತ್ತಿದ್ದಳೆಂದು ಮೂವತ್ತು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಕಪ್ಪು ತೊಳೆಯುತ್ತಿದ್ದಳು ಎಂದುಕೊಂಡಿದ್ದರೋ ಏನೋ.

ಆಮೇಲೆ ಅಕ್ಕ ಅಸಲು ವಿಷಯಕ್ಕೆ ಬಂದರು. ಹೊಟ್ಟೆಯಲ್ಲಿ ಗಡ್ಡೆ. ವೈದ್ಯರು ಆರು ತಿಂಗಳು ಎಂದಿದ್ದರು, ಹೆಚ್ಚೆಂದರೆ ಎಂಟು. ಕಾಯಿಲೆ ಮೇಷ್ಟ್ರಿಗೂ ಗೊತ್ತಿತ್ತು. ತಿಂಗಳ ಲೆಕ್ಕ ಗೊತ್ತಿರಲಿಲ್ಲ.

"ನಾನು ಹೋದ ಮರುದಿನದಿಂದ ಅವರ ಹಾಡು ಕೇಳಿ ಜನ ಕಿವಿ ಮುಚ್ಕೋತಾರೆ. ಅವರಿಗೆ ಅದೊಂದೇ ಇರೋದು, ತಮ್ಮ. ಮಕ್ಕಳಿಲ್ಲ. ಕಿವಿ ಇದೆ ಅನ್ನೋ ಹೆಮ್ಮೆ ಒಂದಿದೆ. ನೀನು ಕೇಳೋದು ಕಲಿ. ಇಲ್ಲಿ ಕೂತ್ಕೊಂಡು ನಾನು ಹೇಳೋ ಹಾಗೆ ಹೇಳು. ಆದರೆ ಅವರಿಗೆ ಮಾತ್ರ ಗೊತ್ತಾಗಬಾರದು."

ಆಗಲಿ ಎಂದು ಮಾತು ಕೊಟ್ಟೆ.

ಮರುದಿನದಿಂದ ಗೊರಕೆ ಶುರುವಾದೊಡನೆ ಪಾಠ ಶುರು. ನನ್ನನ್ನು ಗೋಡೆಯ ಕಡೆ ಮುಖ ಮಾಡಿ ಕೂರಿಸುತ್ತಿದ್ದರು. ಲೋಟಕ್ಕೆ ನೀರು ಸುರಿದು, "ಬಿಸಿನೀರೋ ತಣ್ಣೀರೋ?" ಇದೇನು ಹುಡುಗಾಟ ಎಂದುಕೊಂಡೆ. ಹತ್ತು ದಿನದ ಮೇಲೆ ಗೊತ್ತಾಯಿತು, ಬಿಸಿನೀರು ಬೀಳುವ ಸದ್ದು ಒಂದು ಎಳೆ ದಪ್ಪ, ಮೆತ್ತಗೆ. ತಣ್ಣೀರಿನದು ತೆಳು, ಗರಿಗರಿ. ನಾನು ಬೀಗುತ್ತಾ ಉತ್ತರ ಹೇಳಿದರೆ, "ಎಷ್ಟು ತುಂಬಿದೆ ಅದನ್ನ ಹೇಳು" ಎನ್ನುತ್ತಿದ್ದರು. ಪಾತ್ರೆ ತುಂಬುತ್ತಾ ಬಂದ ಹಾಗೆ ಸದ್ದು ಮೇಲೇರುತ್ತದೆ. ನಿಲ್ಲು ಅನ್ನಬೇಕಾದ ಕ್ಷಣ ಕಿವಿಗೆ ಗೊತ್ತಾಗಬೇಕು. ಎಷ್ಟೋ ಸಲ ನೀರು ನೆಲಕ್ಕೆ ಚೆಲ್ಲಿ, ಒರೆಸುವ ಪಾಠವೂ ಆಯಿತು.

ಆಮೇಲೆ ಹಾಡು. ಒಂದೇ ಹಾಡನ್ನು ವಾರವಿಡೀ ಕೇಳಬೇಕು. ಸೋಮವಾರ ಡೋಲು ಮಾತ್ರ, ಮಂಗಳವಾರ ಕೊಳಲು ಮಾತ್ರ. ಬೇರೆಯದು ಕಿವಿಗೆ ಬಿದ್ದರೂ ಒಳಗೆ ಬಿಟ್ಟುಕೊಳ್ಳಬಾರದು. ಕೊನೆಗೆ, "ಈಗ ಅದನ್ನ ಹಾಡಿ ತೋರ್ಸು. ಬಾಯಲ್ಲಿ ಬರಲಿಲ್ಲ ಅಂದ್ರೆ ನೀನು ಕೇಳೇ ಇಲ್ಲ ಅಂತ." ನಾನು ಹಾಡಿದೆ. ಪಕ್ಕದ ಮನೆಯವರು ಕಿಟಕಿ ಹಾಕಿಕೊಂಡರು. "ಅವರಿಗೂ ಕಿವಿ ಇದೆ, ನೋಡು" ಎಂದರು ಅಕ್ಕ.

ಸದ್ದನ್ನು ಎಷ್ಟು ಸಣ್ಣ ಮಾಡಿದರೂ ಅವರಿಗೆ ಸಾಲದು. ಜೋರಾಗಿಟ್ಟರೆ ಎಲ್ಲ ಹಾಡೂ ಚಂದ, ಪಿಸುಗುಡುವಷ್ಟಕ್ಕೆ ಇಳಿಸಿದಾಗ ಯಾವುದು ಮೊದಲು ಮಾಯವಾಗುತ್ತದೋ ಅದು ಕಡಿಮೆಯಿದೆ, ಯಾವುದು ಕೊನೆಗೂ ಕಾಡುತ್ತದೋ ಅದು ಹೆಚ್ಚಾಗಿದೆ. ನಲ್ಲಿ ಬಿಟ್ಟು ಕೇಳಬೇಕು. ಪಕ್ಕದ ಕೋಣೆಗೆ ಹೋಗಿ ಬಾಗಿಲ ಸಂದಿಯಿಂದ ಕೇಳಬೇಕು. ನಾನು ಪುಸ್ತಕ ಓದಿ ಬಂದು ಆವರ್ತನ, ಸಾವಿರ, ನಾಲ್ಕು ಸಾವಿರ ಎಂದೆಲ್ಲ ಬಡಬಡಿಸಿದರೆ ಅಕ್ಕ ಕಣ್ಣು ಮಿಟುಕಿಸುತ್ತಿದ್ದರು. ಅವರ ಶಾಸ್ತ್ರದಲ್ಲಿ ಇದ್ದದ್ದು ನಾಲ್ಕೇ ರೋಗ: ಹೊಟ್ಟೆ ಉಬ್ಬರಿಸಿದೆ, ಮೂಗು ಕಟ್ಟಿದೆ, ಕಂಬಳಿ ಹೊದ್ದಿದೆ, ಹಲ್ಲು ಜುಮ್ ಅನ್ನುತ್ತೆ. ನನ್ನ ಪುಸ್ತಕದಲ್ಲಿ ನಾನೂರು ಪುಟ ಇತ್ತು. ಅದರ ಸಾರಾಂಶವೂ ಅಷ್ಟೇ.

ನಾಲ್ಕನೇ ತಿಂಗಳಿಗೆ ಅವರು ನಿಂತು ಪಾಠ ಹೇಳುವುದು ಬಿಟ್ಟರು. ಸ್ಟೂಲಿನ ಮೇಲೆ ಕುಳಿತರು. ಐದನೆಯದಕ್ಕೆ ಅಡುಗೆಮನೆಯ ಪಕ್ಕದ ಕೋಣೆಯ ಮಂಚಕ್ಕೆ ಹೋದರು. ನೀರು ಸುರಿಯುವುದು, ತಟ್ಟುವುದು ಎಲ್ಲ ನಾನೇ ಮಾಡಬೇಕು, ಉತ್ತರವನ್ನೂ ನಾನೇ ಹೇಳಬೇಕು. ಅವರು ಮಲಗಿದಲ್ಲಿಂದಲೇ "ಹೂಂ" ಅಥವಾ "ಊಹೂಂ" ಎನ್ನುತ್ತಿದ್ದರು. ಇಷ್ಟರ ನಡುವೆಯೂ ಮೇಷ್ಟ್ರು ಎದ್ದು ಬಂದು, "ಏನೇ, ಈ ಹಾಡು ಹೇಗಿದೆ?" ಎಂದರೆ ಉತ್ತರ ತಪ್ಪುತ್ತಿರಲಿಲ್ಲ. "ತಲೆನೋವು ರೀ." ನಿಜವಾದ ನೋವು ಬೇರೆ ಕಡೆ ಇತ್ತು. ಅದರ ಬಗ್ಗೆ ಆ ಮನೆಯಲ್ಲಿ ದೂರು ಇರಲಿಲ್ಲ.

ನಡುವೆ ನನಗೊಂದು ವಿಚಿತ್ರ ಸಂಭವಿಸಿತು. ಕಿವಿ ತೆರೆದ ಮೇಲೆ ಅದನ್ನು ಮುಚ್ಚಲಾಗುವುದಿಲ್ಲ. ಅಕ್ಕನ ದನಿ ವಾರದಿಂದ ವಾರಕ್ಕೆ ತೆಳುವಾಗುವುದು, ಮಾತಿನ ಕೊನೆ ಕೊನೆಗೆ ಉಸಿರು ಅರ್ಧಕ್ಕೇ ನುಂಗಿಹೋಗುವುದು ನನಗೆ ಚೆನ್ನಾಗಿ ಕೇಳಿಸತೊಡಗಿತು. ಪಕ್ಕದಲ್ಲೇ ಕುಳಿತು, "ಇವತ್ತು ದನಿ ಖಡಕ್ಕಾಗಿದೆ, ವಾಸಿಯಾಗ್ತಿದೀಯ" ಎನ್ನುತ್ತಿದ್ದರು ಮೇಷ್ಟ್ರು. ಅವರಿಗೆ ಹಾಗೇ ಕೇಳಿಸುತ್ತಿತ್ತು. ಅದೊಂದು ಪುಣ್ಯ.

ಕೊನೆಯ ಪರೀಕ್ಷೆಯ ದಿನ ನಾನು ಒಂದು ಹಾಡು ಕೇಳಿ, ಎಲ್ಲಿ ಏನು ಹೆಚ್ಚು, ಏನು ಕಡಿಮೆ ಎಂದು ಒಂದೂ ತಪ್ಪಿಲ್ಲದೆ ಹೇಳಿದೆ. ಅಕ್ಕ, "ಸಾಕು. ಇನ್ಮೇಲೆ ನಿಂಗೆ ಯಾವ ಮೆರವಣಿಗೆ ಬ್ಯಾಂಡೂ ಸುಖ ಕೊಡಲ್ಲ, ಪಾಪ" ಎಂದರು. ನಾನು ನಕ್ಕೆ. ಅದಾಗಿ ಒಂಬತ್ತನೇ ದಿನ ಬೆಳಗ್ಗೆ ಹೋದರು.

ಮೇಷ್ಟ್ರು ಎರಡು ವಾರ ಸ್ಟುಡಿಯೋದ ಬಾಗಿಲು ತೆಗೆಯಲಿಲ್ಲ. ತೆಗೆದ ದಿನ ನಾನು ಹೇಳದೆಯೇ ಹೋಗಿ ಅಡುಗೆಮನೆಯ ಸ್ಟೂಲಿನ ಮೇಲೆ ಕುಳಿತೆ. ಮಕ್ಕಳ ಹಾಡು. ಶಿಶುವಿಹಾರದ ಟೀಚರೊಬ್ಬರು ಮಾಡಿಸಿದ್ದು. ಕೇಳಿದೆ. ಸೂಜಿಗಳ ಮಳೆ.

"ಹೇಗಿದೆಯಯ್ಯ?" ಎಂದರು ಮೇಷ್ಟ್ರು ಗೋಡೆಯಾಚೆಯಿಂದ.

ಅಕ್ಕನ ಶಾಸ್ತ್ರ ಮರೆತು ನನ್ನ ಪಾಂಡಿತ್ಯ ಮುಂದೆ ಬಂತು. "ಐದು ಸಾವಿರದ ಮೇಲೆ ಸ್ವಲ್ಪ ಹೆಚ್ಚಾಯ್ತೇನೋ ಮೇಷ್ಟ್ರೇ."

ಅವರು ಬಾಗಿಲಿಗೆ ಬಂದು ನಿಂತರು. "ನಿನ್ನೆ ಮೊನ್ನೆ ತಂತಿ ಸುತ್ತುತ್ತಿದ್ದವನು ನನಗೆ ಸಾವಿರದ ಲೆಕ್ಕ ಹೇಳ್ತೀಯಾ?"

ಮುಂದಿನ ಹಾಡಿಗೆ ಬುದ್ಧಿ ಬಂತು. ಹಣೆ ಹಿಡಿದುಕೊಂಡು, "ಯಾಕೋ ತಲೆ ಸಿಡೀತಿದೆ ಮೇಷ್ಟ್ರೇ" ಎಂದೆ.

"ಮಾತ್ರೆ ತಗೋ" ಎಂದರು.

ಅಕ್ಕ ನನಗೆ ಎಲ್ಲವನ್ನೂ ಕಲಿಸಿದ್ದರು. ಆದರೆ ಮೇಷ್ಟ್ರು ಎಂಟು ವರ್ಷ ಗುಂಡಿ ಇಳಿಸಿದ್ದು ಹಾಡಿಗಾಗಿ ಅಲ್ಲ, ಆ ತಲೆಗಾಗಿ. ಜನಸಾಮಾನ್ಯರ ಪ್ರತಿನಿಧಿ ಎಂದೆಲ್ಲ ಹೇಳುತ್ತಿದ್ದದ್ದು ಬಾಯಿಮಾತು. ಹೆಂಡತಿಗೆ ನೋವಾಗಬಾರದು ಎಂಬುದಷ್ಟೇ ನಿಜ. ನನ್ನ ತಲೆ ಅವರಿಗೆ ಏನಾಗಬೇಕು? ಕೇಳುವುದನ್ನು ಕಲಿಸಬಹುದು, ಅವರ ಹೆಂಡತಿಯಾಗುವುದನ್ನು ಕಲಿಸಲಾಗುತ್ತದೆಯೇ? ಅಷ್ಟು ಸೂಕ್ಷ್ಮದ ಅಕ್ಕನಿಗೂ ಇದೊಂದು ಹೊಳೆದಿರಲಿಲ್ಲ. ಗಂಡ ತನ್ನ ಮಾತಿಗೆ ಯಾಕೆ ಬಗ್ಗುತ್ತಾನೆಂದು ಅವರಿಗೆ ಗೊತ್ತೇ ಇರಲಿಲ್ಲ ಎಂದು ನನಗೆ ಆವತ್ತು ಆ ಸ್ಟೂಲಿನ ಮೇಲೆ ಅರ್ಥವಾಯಿತು. ಹೋಗಿ ಹೇಳೋಣವೆಂದರೆ ಅವರಿಲ್ಲ.

ವಾರಕ್ಕೇ ಶಿಶುವಿಹಾರದ ಟೀಚರು ಹಾಡು ವಾಪಸು ತಂದರು. ಮೇಷ್ಟ್ರು ಮಲಗಿದ್ದರು, ಬಾಗಿಲು ತೆಗೆದವನು ನಾನು. "ಹಾಕಿದ ಕೂಡಲೇ ಮಕ್ಕಳು ಕಿವಿ ಮುಚ್ಕೋತಾವೆ. ಒಂದು ಮಗು ಅಳುತ್ತೆ. ನಂಗೇನೂ ಅಷ್ಟು ಅನ್ಸಲ್ಲ, ಆದ್ರೆ ಹದಿನೆಂಟು ಮಕ್ಕಳೂ ಸುಳ್ಳು ಹೇಳ್ತಾವಾ?" ಎಂದರು. ಮಕ್ಕಳಿಗೆ ಕೇಳಿಸುವಷ್ಟು ಮೇಲಿನ ದನಿ ದೊಡ್ಡವರಿಗೆ ಕೇಳಿಸುವುದಿಲ್ಲ. ಅವರನ್ನು ಕೂರಿಸಿ, ಹದ ಮಾಡಿ ಹೊಸ ನಕಲು ತೆಗೆದು ಕೊಟ್ಟೆ. ಎದ್ದ ಮೇಷ್ಟ್ರಿಗೆ ಏನೂ ಹೇಳಲಿಲ್ಲ.

ಅಂದಿನಿಂದ ಅದೇ ಕ್ರಮವಾಯಿತು. ಗಿರಾಕಿಗಳಿಗೆ ಕೊಡುವ ನಕಲು ತೆಗೆಯುವ ಕೆಲಸ ನನ್ನದು. ಅವರು ಮಲಗಿದಾಗ ಎರಡು ಗುಂಡಿ ಇಳಿಸುವುದು, ನಕಲು ತೆಗೆಯುವುದು, ಗುಂಡಿಗಳನ್ನು ಮತ್ತೆ ಅವರ ಜಾಗಕ್ಕೆ ಏರಿಸುವುದು. ಏಳು ತಿಂಗಳು ನಡೆಯಿತು. ಜನ ಹೊಗಳಿದರು. ಮೇಷ್ಟ್ರು ಒಂದೊಂದು ನಕಲನ್ನೂ ಕಣ್ಣು ಮುಚ್ಚಿ ಕೇಳಿ, "ಇದು ನೋಡು, ಕೆಲಸ ಅಂದ್ರೆ" ಎನ್ನುತ್ತಿದ್ದರು. ನಾನು ತಲೆಯಾಡಿಸುತ್ತಿದ್ದೆ.

ಒಂದು ದಿನ ನಕಲು ತೆಗೆದು, ಗುಂಡಿಗಳನ್ನು ಮತ್ತೆ ಏರಿಸುವ ಮೊದಲೇ ಫೋನು ಬಂತು. ಮಾತಾಡಿ ಬರುವಷ್ಟರಲ್ಲಿ ಮೇಷ್ಟ್ರು ಎದ್ದು ಮಿಕ್ಸರಿನ ಮುಂದೆ ಕುಳಿತಿದ್ದರು. ಪ್ರತಿ ಹಾಡಿಗೂ ಯಾವ ಗುಂಡಿ ಎಲ್ಲಿದೆಯೆಂದು ಚೀಟಿಯಲ್ಲಿ ಬರೆದಿಡುವುದು ಅವರ ರೂಢಿ. ಚೀಟಿಯನ್ನೂ ಗುಂಡಿಯನ್ನೂ ನೋಡುತ್ತಿದ್ದರು. ಕಣ್ಣು ಅವರದು ಚೆನ್ನಾಗಿಯೇ ಇತ್ತು.

"ಇದನ್ನ ಯಾರು ತಿರುಗಿಸಿದ್ದು?"

"ನಾನೇ."

"ಯಾಕೆ?"

"ಚುಚ್ಚುತ್ತಿತ್ತು ಮೇಷ್ಟ್ರೇ."

ಬೈಗುಳಕ್ಕೆ ಸಿದ್ಧನಾಗಿ ನಿಂತೆ. ಅವರು ಬೈಯಲಿಲ್ಲ. "ನಂದು ಹಾಕು. ಆಮೇಲೆ ನಿಂದು ಹಾಕು" ಎಂದು ಕಣ್ಣು ಮುಚ್ಚಿ ಕುಳಿತರು. ನಾನು ಅವರದನ್ನು ಹಾಕಿದೆ. ನಾನೇ ಹಲ್ಲು ಕಚ್ಚಿಕೊಳ್ಳಬೇಕಾಯಿತು. ಆಮೇಲೆ ನನ್ನದನ್ನು ಹಾಕಿದೆ.

"ಸರಿ, ಈಗ ನಿಂದು ಹಾಕು" ಎಂದರು.

"ಈಗ ಕೇಳಿದ್ದು ಅದೇ, ಮೇಷ್ಟ್ರೇ."

ಅವರ ಕೈ ಸುಮ್ಮನೆ ಆ ಚೀಟಿಯನ್ನು ಮಡಿಸುತ್ತಿತ್ತು, ಬಿಡಿಸುತ್ತಿತ್ತು.

"ಎಷ್ಟು ದಿನದಿಂದ ಹೀಗೆ?" ಎಂದರು.

"ಅಕ್ಕ ಹೋದ ಮೇಲೆ."

"ಅದಕ್ಕೆ ಮುಂಚೆ?" ಮುಖ ಎತ್ತಿ ನನ್ನನ್ನೇ ನೋಡಿದರು. "ಅದಕ್ಕೆ ಮುಂಚೆ ಸರಿ ಇತ್ತಾ? ನಿಜ ಹೇಳು."

ನಿಜ ಹೇಳಿದರೆ ಅಕ್ಕನ ಎಂಟು ವರ್ಷದ ಕೆಲಸ ಅವರ ಗಂಡನೊಬ್ಬರಿಗಾದರೂ ತಿಳಿಯುತ್ತಿತ್ತು. ಹೇಳದಿದ್ದರೆ ಅದು ಯಾರಿಗೂ ತಿಳಿಯದೆ ಹೋಗುತ್ತಿತ್ತು. ಇಷ್ಟು ಯೋಚಿಸಿದೆನೆಂದು ಈಗ ಬರೆಯುತ್ತಿದ್ದೇನೆ, ಆಗ ಯೋಚಿಸಲಿಲ್ಲ. ಅವರ ಮುಖ ನೋಡಿದೆ, ಅಷ್ಟೇ.

"ಕೂದಲೆಳೆಯಷ್ಟೂ ತಪ್ಪಿರಲಿಲ್ಲ ಮೇಷ್ಟ್ರೇ" ಎಂದೆ.

ಅವರ ಭುಜ ಇಳಿಯಿತು. "ದುಃಖಕ್ಕೆ ಕಿವಿ ಹೋಗುತ್ತೆ ಅಂತ ಎಲ್ಲಾದರೂ ಕೇಳಿದ್ದೀಯಾ?" ಎಂದರು.

"ಕೇಳಿದ್ದೀನಿ" ಎಂದೆ. ಕೇಳಿರಲಿಲ್ಲ.

ಮುಂದಿನ ತಿಂಗಳು ಸ್ಟುಡಿಯೋ ನಿಲ್ಲಿಸಿದರು. ಕಾರಣ ಕೇಳಿದವರಿಗೆಲ್ಲ ಒಂದೇ ಉತ್ತರ: "ಅವಳು ಹೋಗ್ತಾ ನನ್ನ ಕಿವಿ ತಗೊಂಡು ಹೋದ್ಲು." ಕೇಳಿದವರು ಕಣ್ಣೊರೆಸಿಕೊಳ್ಳುತ್ತಿದ್ದರು. ಅಂಥ ಪ್ರೀತಿ ಎಂದು ಮಾತಾಡಿಕೊಳ್ಳುತ್ತಿದ್ದರು. ಪ್ರೀತಿ ಇದ್ದದ್ದು ನಿಜ. ಮೇಷ್ಟ್ರು ಬದುಕಿನಲ್ಲಿ ಬಹಳ ಮಾತುಗಳನ್ನು ಉತ್ಪ್ರೇಕ್ಷೆ ಮಾಡಿ ಆಡಿದ್ದಾರೆ. ಇದೊಂದರಲ್ಲಿ ಒಂದಕ್ಷರ ಉತ್ಪ್ರೇಕ್ಷೆ ಇರಲಿಲ್ಲ, ಅದು ಅವರಿಗೆ ಗೊತ್ತಿರಲಿಲ್ಲ.

ಹೋದ ವರ್ಷ ಅವರೂ ತೀರಿಕೊಂಡರು. ವಾದ್ಯದವರೆಲ್ಲ ಸೇರಿ ಸಂತಾಪ ಸಭೆ ಮಾಡಿದರು. ಎರಡು ಗಂಟೆ ಕಾಲ ಚಿನ್ನದ ಕಿವಿಯ ಗುಣಗಾನ. ಅಕ್ಕನ ಪ್ರಸ್ತಾಪವೂ ಬಂತು: "ಸಂಗೀತದ ಗಂಧಗಾಳಿ ಇಲ್ಲದಿದ್ದರೂ ಪತಿಯ ಸಾಧನೆಗೆ ನೆರಳಾಗಿ ನಿಂತ ಸಾಧ್ವಿ." ಶಿಷ್ಯನೆಂದು ನನ್ನನ್ನೂ ಎಬ್ಬಿಸಿದರು. ಎದ್ದು ನಿಂತೆ. ನಿಜ ನಾಲಿಗೆಯ ತುದಿಗೆ ಬಂದಿತ್ತು. ಮೇಷ್ಟ್ರಿಗೆ ಗೊತ್ತಾಗಬಾರದು ಎಂದಷ್ಟೇ ಅಕ್ಕ ಹೇಳಿದ್ದರು. ಅವರಿರುವ ತನಕ ಎಂದಿದ್ದರೋ, ಎಂದೆಂದಿಗೂ ಯಾರಿಗೂ ಎಂದಿದ್ದರೋ ನಾನು ಕೇಳಿಟ್ಟುಕೊಂಡಿರಲಿಲ್ಲ. ಮೇಷ್ಟ್ರ ಕಿವಿಯ ಬಗ್ಗೆ ಎರಡು ಒಳ್ಳೆಯ ಮಾತಾಡಿ ಕುಳಿತೆ.

ಅವರಿರುವ ತನಕ ಎಂದೇ ಇರಬೇಕು ಎಂದುಕೊಂಡು ಇದನ್ನು ಬರೆದಿದ್ದೇನೆ. ತಪ್ಪಾಗಿದ್ದರೆ ಅಕ್ಕ ಕ್ಷಮಿಸಬೇಕು.